ಎರಡನೆಯ ಕರ್ಪೂರ

ಆಸ್ಪತ್ರೆಯ ಮುಂದೆ ಕಂಡವರಿಗೆ ಕಾಯಿಲೆ, ಪೊಲೀಸ್ ಸ್ಟೇಷನ್ನಿನ ಮುಂದೆ ಕಂಡವರಿಗೆ ಗಲಾಟೆ, ಕೋರ್ಟಿನ ಮುಂದೆ ಕಂಡವರಿಗೆ ಕೇಸು. ನಮ್ಮೂರಿನ ತೀರ್ಮಾನ ಇಷ್ಟೇ, ಇದಕ್ಕೆ ಸಾಕ್ಷಿ ಬೇಕಿರಲಿಲ್ಲ. ಕಂಡವಳು ಹೆಂಗಸಾದರೆ ಅವಳು ಗಂಡನ ಮೇಲೋ ಅಣ್ಣತಮ್ಮಂದಿರ ಮೇಲೋ ಕೇಸು ಹಾಕಿರಲೇಬೇಕು. ಓದಿನ ಸಲುವಾಗಿ ಒಬ್ಬಳು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಬರುತ್ತಾಳೆ ಎಂದರೆ ನಂಬುವ ಒಂದು ಮನೆಯೂ ಊರಿನಲ್ಲಿರಲಿಲ್ಲ. ನನ್ನ ಮನೆಯೂ ನಂಬಲಿಲ್ಲ.

ಲಾ ಡಿಗ್ರಿಗೆ ಏನೇನು ಬೇಕು ಮೇಡಂ ಎಂದು ಈಗಲೂ ಹುಡುಗಿಯರು ಬಂದು ಕೇಳುತ್ತಾರೆ. ಪುಸ್ತಕದಲ್ಲಿರುವುದನ್ನು ಹೇಳುತ್ತೇನೆ. ಮೊದಲು ಒಂದು ಪದವಿ. ಆಮೇಲೆ ಮೂರು ವರ್ಷದ ಓದು. ತರಗತಿಗೆ ಹಾಜರಿ. ಅಣಕು ನ್ಯಾಯಾಲಯದಲ್ಲಿ ನಿಂತು ವಾದ. ಕೊನೆಯ ವರ್ಷ ಎರಡು ಮೊಕದ್ದಮೆಗಳ ವಿಚಾರಣೆಯನ್ನು ಕೋರ್ಟಿನಲ್ಲಿ ಕೂತು ಕಣ್ಣಾರೆ ನೋಡಿ ವರದಿ ಬರೆಯಬೇಕು, ಒಂದು ಕ್ರಿಮಿನಲ್, ಒಂದು ಸಿವಿಲ್. ಅದಿಲ್ಲದೆ ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಕೂರಿಸುವುದಿಲ್ಲ, ವೈವಾ ಇಲ್ಲದೆ ಡಿಗ್ರಿ ಇಲ್ಲ. ಹುಡುಗಿಯರು ಬರೆದುಕೊಂಡು ಹೋಗುತ್ತಾರೆ. ಉಳಿದದ್ದನ್ನು ನಾನು ಹೇಳುವುದಿಲ್ಲ. ಇಲ್ಲಿ ಬರೆಯುತ್ತಿರುವುದು ಆ ಉಳಿದದ್ದನ್ನು.

ಹೆಮ್ಮಿಗೆಯ ಕಡೆ ನಮ್ಮೂರು. ನಾಲೆ ನೀರಿನ ಗದ್ದೆ, ಎರಡು ಬೆಳೆ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡ. ಅಪ್ಪನದೂ ಚಿಕ್ಕಪ್ಪನದೂ ಜಮೀನು ಭಾಗವಾಗಿರಲಿಲ್ಲವಾದ್ದರಿಂದ ಎಲ್ಲವೂ ಚಿಕ್ಕಪ್ಪನ ಕೈಗೆ ಹೋಯಿತು. ಬಿತ್ತುವುದು, ಕೊಯ್ಯುವುದು, ಮಾರುವುದು, ಯಾರಿಗೆ ಊಟ, ಯಾರಿಗೆ ಬೈಗುಳ, ಎಲ್ಲ ಅವರದೇ. ಅಣ್ಣ ಚಿಕ್ಕಪ್ಪ ಹೇಳಿದ ಕಡೆ ನೀರು ತಿರುಗಿಸುತ್ತಿದ್ದ, ಹೇಳಿದ ಕಡೆ ತಲೆಯಾಡಿಸುತ್ತಿದ್ದ. ಅವ್ವ ಸ್ವಂತ ಗದ್ದೆ ಕಣ್ಣೆದುರಿಗಿದ್ದೂ ಬೇರೆಯವರ ಗದ್ದೆಗೆ ನಾಟಿ ಹಾಕಲು ಹೋಗಿ ನನ್ನನ್ನು ಓದಿಸಿದಳು. ನರಸೀಪುರದ ಕಾಲೇಜಿನಲ್ಲಿ ನಾನು ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಡಿಗ್ರಿ ಕಂಡವರು ಅದುವರೆಗೆ ಯಾರೂ ಇರಲಿಲ್ಲ, ಗಂಡಸರೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಪಡಬೇಕಾದವರು ಬೇರೆಯವರಿದ್ದಾರೆ.

ಲಾ ಓದಲು ಮೈಸೂರಿಗೆ ಸೇರಿದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವುದು. ಪ್ರಾಕ್ಟಿಕಲ್ ಪೇಪರ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರಿಗೆ ಹಳ್ಳಿಯಿಂದ ಬಂದವರನ್ನು ಕಂಡರೆ ಮೂಗು ತಾನಾಗಿಯೇ ಮೇಲೇರುತ್ತಿತ್ತು.

"ಸಾಕ್ಷಿಯನ್ನು ಅವನ ಕಡೆ ವಕೀಲ ಕೇಳೋದು ಮುಖ್ಯ ವಿಚಾರಣೆ. ಎದುರು ವಕೀಲ ಎದ್ದು ನಿಂತು ಅವನ ಬಾಯಿ ಬಿಡಿಸೋದು ಪಾಟೀ ಸವಾಲು," ಎಂದು ಅವರು ತರಗತಿಯಲ್ಲಿ ಹೇಳಿದ್ದರು. "ಎರಡನ್ನೂ ನೋಡಿರಬೇಕು. ಸಿನಿಮಾ ನೋಡ್ಕೊಂಡು ಬರೆದ್ರೆ ನನಗೆ ಗೊತ್ತಾಗುತ್ತೆ. ಅದರಲ್ಲೂ ಬಸ್ಸಲ್ಲಿ ಬರೋ ಗಿರಾಕಿಗಳು ಹುಷಾರಾಗಿರಿ."

ಬಸ್ಸಲ್ಲಿ ಬರುವ ಗಿರಾಕಿ ಎಂದರೆ ನಾನು. ತರಗತಿ ನಕ್ಕಿತು. ನಾನು ನಗಲಿಲ್ಲ.

ಕ್ರಿಮಿನಲ್ ಕೇಸನ್ನು ಮೈಸೂರಿನಲ್ಲೇ ನೋಡಿ ಮುಗಿಸಿದೆ. ಸಿವಿಲ್ ಕೇಸಿಗೆ ನರಸೀಪುರದ ಕೋರ್ಟು ವಾಸಿ ಎನಿಸಿತು, ಹೇಗೂ ದಾರಿಯಲ್ಲೇ ಸಿಗುತ್ತದೆ, ಇಳಿದುಕೊಂಡರಾಯಿತು. ಪಕ್ಕಪಕ್ಕದ ಹೊಲದ ಇಬ್ಬರು ಗಾಡಿ ದಾರಿಗಾಗಿ ಹೊಡೆದಾಡುತ್ತಿದ್ದ ದಾವೆಯೊಂದು ಅಲ್ಲಿ ಸಾಕ್ಷಿಯ ಹಂತಕ್ಕೆ ಬಂದಿತ್ತು. ದಾವೆ ಹಾಕಿದ್ದ ಮುದುಕನ ಮುಖ್ಯ ವಿಚಾರಣೆ ಮೊದಲ ದಿನವೇ ನಡೆಯಿತು. ಪಾಟೀ ಸವಾಲಿಗೆ ಮುಂದಿನ ದಿನ ಕೊಟ್ಟರು. ಆ ದಿನ ಎದುರು ವಕೀಲರು ಬರಲಿಲ್ಲ, ವಾಯಿದಾ. ಇನ್ನೊಂದು ದಿನ ಬಂದರು, ಫೈಲು ತಂದಿರಲಿಲ್ಲ, ವಾಯಿದಾ. ಮತ್ತೊಂದು ದಿನ ಮುದುಕನಿಗೇ ಜ್ವರ. ಪ್ರತಿ ಸಲವೂ ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನಿಗೆ ನಾನು ಪರಿಚಯವಾಗಿಬಿಟ್ಟಿದ್ದೆ.

"ಬಂದ್ಯಾ ತಾಯಿ? ಪಾರ್ಟಿಗಳೇ ಬಂದಿಲ್ಲ, ನೀನ್ ಬಂದ್ಬುಟ್ಟಿದ್ದೀಯಲ್ಲ. ಆ ಗಾಡಿ ದಾರೀಲಿ ನಿಂದೂ ಒಂದ್ ಪಾಲಿದ್ದದೇನೊ."

ಇಂಥ ಒಂದು ದಿನ, ಪಹಣಿ ತೆಗೆಸಲು ತಾಲ್ಲೂಕು ಕಚೇರಿಗೆ ಬಂದಿದ್ದ ನಮ್ಮೂರಿನವನೊಬ್ಬ ನನ್ನನ್ನು ಕಂಡ. ಕಂಡವನು ಮಾತಾಡಿಸಲಿಲ್ಲ. ಎರಡನೆಯ ಸಲವೂ ಕಂಡ. ಅಷ್ಟು ಸಾಕಾಯಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಭಾಗವೆಂದು ನಮ್ಮ ರಾಜ್ಯದಲ್ಲಿ ಕಾನೂನು ಬಂದು ಆಗ ಕೆಲವೇ ವರ್ಷಗಳಾಗಿದ್ದವು. ಊರಿನ ಗಂಡಸರು ಬೇರೆ ಯಾವ ಕಾನೂನನ್ನೂ ತಿಳಿದುಕೊಳ್ಳದಿದ್ದರೂ ಅದೊಂದನ್ನು ಚೆನ್ನಾಗಿ ತಿಳಿದುಕೊಂಡು ಹೆದರಿಕೊಂಡಿದ್ದರು.

ಅವತ್ತು ಸಂಜೆ ನಾನು ಬಸ್ಸಿಳಿದು ಮನೆಗೆ ಬಂದಾಗ ಚಿಕ್ಕಪ್ಪ ಜಗುಲಿಯ ಮೇಲೆ ಕೂತಿದ್ದರು. ಅಣ್ಣ ಕಂಬಕ್ಕೊರಗಿ ನಿಂತಿದ್ದ. ಅವ್ವ ಬಾಗಿಲ ಒಳಗಿದ್ದಳು.

"ನರಸೀಪುರದ ಕೋರ್ಟಿಗೆ ಯಾಕಮ್ಮಿ ಓಗಿದ್ದೆ?" ಎಂದರು ಚಿಕ್ಕಪ್ಪ.

"ಕೇಸು ನೋಡೋಕೆ. ಓದಿಗೆ ಬೇಕು."

"ಯಾರ ಕೇಸು?"

"ಯಾರದ್ದೋ. ನಂಗೆ ಅವ್ರು ಗೊತ್ತೂ ಇಲ್ಲ."

ಚಿಕ್ಕಪ್ಪ ಅಣ್ಣನ ಕಡೆ ತಿರುಗಿ ನಕ್ಕರು. "ಕೇಳ್ದೇನ್ಲಾ? ಗುರ್ತಿಲ್ದೋರ ಕೇಸ್ ನೋಡಕ್ಕೆ ಬಸ್ ಇಳ್ದು ಓಯ್ತಳಂತೆ. ಗುರ್ತಿಲ್ದೋರ ಮದ್ವೆಗೂ ಓಗಿ ಉಂಡ್ಕಂಡ್ ಬಾ ಅನ್ನು." ಮತ್ತೆ ನನ್ನ ಕಡೆ ತಿರುಗಿದರು. "ನಿಮ್ಮಪ್ಪ ಸತ್ತಾಗ ನಿಮ್ಮುನ್ನ ಬೀದಿಗ್ ಬುಡ್ನಿಲ್ಲ ನಾನು. ಅನ್ನ ಆಕ್ದೆ. ಈಗ ನನ್ ಮ್ಯಾಲೇ ಭಾಗದ ಕೇಸ್ ಆಕಿದ್ದೀಯ?"

"ಹಾಕಿಲ್ಲ ಚಿಕ್ಕಪ್ಪ."

"ಆಕಿಲ್ದೋಳು ನಂಜನಗೂಡಿಗೆ ಬಂದು ಆ ಮಾತ ಏಳು. ಕರ್ಪೂರ ಆರ್ಸು."

ನಮ್ಮ ಕಡೆ ಮಾತಿನಲ್ಲಿ ಬಗೆಹರಿಯದ ಜಗಳವನ್ನು ನಂಜನಗೂಡಿಗೆ ಒಯ್ಯುತ್ತಾರೆ. ಕಪಿಲೆ ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ನಂಜುಂಡಪ್ಪನ ದೇವಸ್ಥಾನದ ಎದುರಿಗೆ ನಿಂತು, ಹೇಳಬೇಕಾದ ಮಾತು ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಬೇಕು. ಸುಳ್ಳು ಹೇಳಿ ಆರಿಸಿದವರು ಉದ್ಧಾರವಾಗುವುದಿಲ್ಲ ಎಂಬ ನಂಬಿಕೆ. ನಾನು ಕಂಡಂತೆ ಕರ್ಪೂರ ಆರಿಸುವವರು ಯಾವಾಗಲೂ ಹೆಂಗಸರು, ಕೂಲಿಯಾಳುಗಳು, ಮನೆಗೆಲಸದವರು. ನಮ್ಮ ಚಿಕ್ಕಪ್ಪನಂಥವರು ಕರ್ಪೂರವನ್ನು ಕೊಂಡು ತರುವವರು.

"ಸೋಮವಾರ ಓಗುವ," ಎಂದರು ಚಿಕ್ಕಪ್ಪ. "ನಂಜುಂಡಪ್ಪನ ವಾರ."

ಗಾಡಿ ದಾರಿ ಕೇಸಿನ ಪಾಟೀ ಸವಾಲನ್ನು ಅದೇ ಸೋಮವಾರಕ್ಕೆ ಹಾಕಿದ್ದರು. ವೈವಾ ಹತ್ತಿರ ಬಂದಿತ್ತು. ಅದರೊಳಗೆ ಇನ್ನೊಂದು ದಿನ ಸಿಗುವುದು ಅನುಮಾನ.

"ಸೋಮವಾರ ಬೇಡ, ಮಂಗಳವಾರ ಬರ್ತೀನಿ," ಎಂದೆ.

"ಯಾಕೆ? ಸೋಮವಾರ ಏನೈತೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕೋರ್ಟಿಗೆ ಹೋಗಬೇಕು."

ಚಿಕ್ಕಪ್ಪ ಜಗುಲಿ ಕುಟ್ಟಿ ಎದ್ದರು. "ನೋಡ್ರಪ್ಪಾ! ಅವ್ಳ ಬಾಯಿಂದ್ಲೇ ಬಂತು! ಸೋಮವಾರವೇ ಕೇಸೈತಂತೆ! ಸೋಮವಾರವೇ ಓಗ್ಬೇಕು. ಕರ್ಪೂರ ಆರ್ಸುದ್ರೆ ಪರೀಕ್ಷೆ ಕಟ್ಲಿ. ಇಲ್ದಿದ್ರೆ ನಾಳಿಂದ ಬಸ್ ಅತ್ತದ್ ಬ್ಯಾಡ, ಗದ್ದೆಗ್ ಇಳೀಲಿ."

ಅವರು ಒಳಗೆ ಹೋದ ಮೇಲೆ ಅವ್ವ ನನ್ನ ಪಕ್ಕ ಬಂದಳು. "ದಿಟವಾಗ್ಲೂ ಆಕಿಲ್ವಾ ಮಗ?"

"ನೀನೂ ಕೇಳ್ತೀಯಲ್ಲವ್ವ."

"ಆಕಿಲ್ದಿದ್ರೆ ಭಯ ಯಾಕೆ. ಓಗಿ ಆರ್ಸ್‌ಬುಟ್ಟು ಬಾ. ನಿನ್ ಓದು ಮುಗುದ್ರೆ ಸಾಕು ನಂಗೆ."

ಬೇರೆ ದಾರಿ ಇರಲಿಲ್ಲ. ಹೋಗದಿದ್ದರೆ ಓದೇ ನಿಲ್ಲುತ್ತದೆ, ಹೋದರೆ ಪಾಟೀ ಸವಾಲು ತಪ್ಪುತ್ತದೆ. ಎರಡರಲ್ಲಿ ಯಾವುದನ್ನು ಕಳೆದುಕೊಂಡರೂ ಡಿಗ್ರಿಗೇ ಕುತ್ತು. ಓದು ಉಳಿದರೆ ಪಾಟೀ ಸವಾಲನ್ನು ಎಲ್ಲಾದರೂ ಹುಡುಕಿಕೊಳ್ಳಬಹುದು ಎಂದುಕೊಂಡು ಒಪ್ಪಿದೆ. ಒಪ್ಪಿದೆ ಅಷ್ಟೆ, ಅವರ ಮೇಲಿನ ಸಿಟ್ಟನ್ನೇನೂ ಬಿಡಲಿಲ್ಲ.

ಸೋಮವಾರ ಅವ್ವನ ಹಳೆಯ ಸೀರೆ ಉಟ್ಟು ಹೊರಟೆ. ಚೀಲದಲ್ಲಿ ನೋಟ್ ಪುಸ್ತಕ, ಪೆನ್ನು ಇಟ್ಟುಕೊಂಡೆ. ಚಿಕ್ಕಪ್ಪ ನನ್ನ ಪಕ್ಕದ ಸೀಟಿನಲ್ಲಿ, ಅಣ್ಣ ಹಿಂದೆ. ಬಸ್ಸು ನರಸೀಪುರದ ಸ್ಟ್ಯಾಂಡಿನಲ್ಲಿ ನಿಂತಿತು. ಕೋರ್ಟು ಅಲ್ಲಿಂದ ನಡೆದು ಹೋಗುವಷ್ಟು ದೂರ. ಕರಿಕೋಟು ತೋಳಿನ ಮೇಲೆ ಹಾಕಿಕೊಂಡ ವಕೀಲರೊಬ್ಬರು ಟೀ ಅಂಗಡಿಯ ಮುಂದೆ ಲೋಟ ಊದುತ್ತಾ ನಿಂತಿದ್ದರು. ಚಿಕ್ಕಪ್ಪ ಕಾಲು ಚಾಚಿ ನನ್ನ ದಾರಿಗೆ ಅಡ್ಡ ಇಟ್ಟುಕೊಂಡರು. ಏನೂ ಗೊತ್ತಿಲ್ಲದವರಂತೆ ಆ ಕಡೆ ನೋಡುತ್ತಾ ಕಡಲೆಕಾಯಿ ಬಿಡಿಸತೊಡಗಿದರು. ಕಂಡಕ್ಟರ್ ರೈಟ್ ಎಂದ. ನನ್ನ ಕೇಸು ಹಿಂದಕ್ಕೆ ಉಳಿಯಿತು.

ನಂಜನಗೂಡಿನಲ್ಲಿ ಹೊಳೆಯ ನೀರು ತಣ್ಣಗಿತ್ತು. ಚೀಲವನ್ನು ಅಣ್ಣನ ಕೈಗೆ ಕೊಟ್ಟು ಮುಳುಗಿ ಎದ್ದೆ. ಮೈಗಂಟಿದ ಸೀರೆಯಲ್ಲಿ, ಸೋಮವಾರದ ಜನದ ನಡುವೆ, ಇಬ್ಬರು ಗಂಡಸರ ಹಿಂದೆ ದೇವಸ್ಥಾನದವರೆಗೆ ನಡೆದೆ. ನೋಡಿದವರೆಲ್ಲರಿಗೂ ಇದು ಆಣೆಯ ಗಿರಾಕಿ ಎಂದು ಗೊತ್ತಾಗುತ್ತಿತ್ತು. ಹಣ್ಣುಕಾಯಿ ಮಾರುವವಳೊಬ್ಬಳು ಪಕ್ಕದವಳಿಗೆ, "ಪಾಪ, ಗಂಡನ ಮನೇವ್ರು ಇರ್ಬೇಕು ಕಣೆ," ಎಂದಳು. ಚಿಕ್ಕಪ್ಪ ಅವಳ ಹತ್ತಿರವೇ ಕರ್ಪೂರ ಕೊಂಡರು.

ಗೋಪುರದ ಎದುರಿನ ಕಲ್ಲಿನ ಮೇಲೆ ಅಣ್ಣ ಕರ್ಪೂರ ಇಟ್ಟು ಕಡ್ಡಿ ಗೀರಿದ. ನನ್ನ ಮುಖ ನೋಡಲಿಲ್ಲ. ಸುತ್ತ ಏಳೆಂಟು ಜನ ನಿಂತರು. ಇಂಥದ್ದಕ್ಕೆ ಜನವನ್ನು ಕರೆಯಬೇಕಾಗಿಲ್ಲ.

"ಏಳಮ್ಮಿ," ಎಂದರು ಚಿಕ್ಕಪ್ಪ.

"ನಾನು ಯಾರ ಮೇಲೂ ಯಾವ ಕೇಸೂ ಹಾಕಿಲ್ಲ," ಎಂದೆ. ಅಂಗೈ ಇಟ್ಟು ಒತ್ತಿದೆ. ಉರಿ ಆರಿತು. ಚರ್ಮ ಚುರುಕ್ ಎಂದಿತು. ಕೈ ತೆಗೆದು ಅವರಿಗೆ ತೋರಿಸಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಹಾಕಿಲ್ಲವೆಂದು ಹೇಳು ಎಂದಿದ್ದರು, ಹೇಳಿದ್ದೆ. ಆದರೆ ಚಿಕ್ಕಪ್ಪ ಜೇಬಿನಿಂದ ಇನ್ನೊಂದು ಕರ್ಪೂರದ ಬಿಲ್ಲೆ ತೆಗೆದರು.

"ಈಗ ಇನ್ನೊಂದು ಏಳು. ಮುಂದಕ್ಕೂ ಯಾವತ್ತೂ ಭಾಗ ಕೇಳಲ್ಲ ಅಂತ."

"ಅದನ್ನು ಮನೇಲಿ ಹೇಳಿರಲಿಲ್ಲ."

"ಈಗ ಏಳ್ತಾವ್ನಿ. ಅಚ್ಲಾ," ಎಂದು ಅಣ್ಣನಿಗೆ ಕೊಟ್ಟರು. ಅಣ್ಣ ಹಚ್ಚಿದ.

ದೇವರ ಮುಂದೆ ಬೇಡ, ಈ ಕಾಗದದ ಮುಂದೆ ಹೇಳುತ್ತೇನೆ: ಆ ಘಳಿಗೆಯವರೆಗೆ ನನಗೆ ಭಾಗದ ಯೋಚನೆಯೇ ಇರಲಿಲ್ಲ. ಆ ಕಾನೂನನ್ನು ಪರೀಕ್ಷೆಗೆಂದು ಓದಿದ್ದೆ, ಅಂಕಕ್ಕೆಂದು ಬರೆದಿದ್ದೆ. ಅದು ನನ್ನ ಬಗ್ಗೆ ಇದೆ ಎಂದು ಒಂದು ದಿನವೂ ಅನಿಸಿರಲಿಲ್ಲ. ನನಗೆ ಬೇಕಿದ್ದುದು ಡಿಗ್ರಿ ಮಾತ್ರ. ನೀರು ತೊಟ್ಟಿಕ್ಕುತ್ತಾ ನಿಂತಿದ್ದವಳಿಗೆ ಆಗ ಹೊಳೆಯಿತು. ಈ ಮನುಷ್ಯ ಇಷ್ಟು ದೂರ ಬಂದದ್ದು ಕೇಸು ಹಾಕಿದ್ದೇನೆ ಎಂಬ ಭಯಕ್ಕಲ್ಲ. ಹಾಕಿದರೆ ಗೆಲ್ಲುತ್ತೇನೆ ಎಂಬ ಭಯಕ್ಕೆ.

"ಆಗಿದ್ದಕ್ಕೆ ಆಣೆ ಮಾಡ್ದೆ ಚಿಕ್ಕಪ್ಪ. ಇನ್ನೂ ಆಗದೇ ಇರೋದಕ್ಕೆ ಮಾಡಲ್ಲ."

"ಕರ್ಪೂರ ಉರೀತಾ ಐತೆ ಕಣಮ್ಮಿ. ಆರ್ಸು."

"ಉರೀಲಿ."

ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತೆ. ಕರ್ಪೂರ ಕರಗುತ್ತಾ ಸಣ್ಣದಾಗುತ್ತಾ ಬಂತು. ಚಿಕ್ಕಪ್ಪ ಅದನ್ನೂ ನನ್ನನ್ನೂ ನೋಡಿದರು. ಒಮ್ಮೆ ಬಾಗಿ ನನ್ನ ಕೈ ಹಿಡಿದು ಎಳೆಯಲು ಬಂದರು. ನೋಡುತ್ತಿದ್ದವರಲ್ಲಿ ಒಬ್ಬ ಮುದುಕ, "ಬಲವಂತದ ಆಣೆ ನಡೆಯಾಕಿಲ್ಲ ಕಣಪ್ಪೋ, ಅದು ನಿನ್ ತಲೆಗೇ ಬತ್ತದೆ," ಎಂದ. ಚಿಕ್ಕಪ್ಪ ಕೈ ಬಿಟ್ಟರು. ಉರಿ ಒಂದು ಸಲ ಬಾಗಿ ಎದ್ದು ತಾನೇ ಹೋಯಿತು. ಕಲ್ಲಿನ ಮೇಲೆ ಕರಿ ಗುರುತು ಬಿಟ್ಟರೆ ಏನೂ ಉಳಿಯಲಿಲ್ಲ.

"ಮನೆಗೆ ಬಾ, ಮಾಡ್ತೀನಿ ನಿಂಗೆ," ಎಂದರು ಚಿಕ್ಕಪ್ಪ.

"ಬರಲ್ಲ," ಎಂದೆ. ಅಣ್ಣನ ಕೈಯಿಂದ ನನ್ನ ಚೀಲ ತೆಗೆದುಕೊಂಡೆ. ಅವನು ಬಿಗಿಹಿಡಿಯಲಿಲ್ಲ, ಬಿಟ್ಟುಕೊಟ್ಟ. ಅಷ್ಟರ ಮಟ್ಟಿಗೆ ಅವನ ಬಗ್ಗೆ ಒಳ್ಳೆಯದು ಹೇಳಬಲ್ಲೆ.

ನಂಜನಗೂಡಿನಲ್ಲೂ ಕೋರ್ಟಿದೆ ಎಂಬುದು ಚಿಕ್ಕಪ್ಪನಿಗೆ ಹೊಳೆದಿರಲಿಲ್ಲ. ದಾರಿ ಕೇಳಿಕೊಂಡು ನಡೆದೆ. ಸೀರೆಯ ನೀರು ಇಳಿಯುತ್ತಲೇ ಇತ್ತು. ಕೋರ್ಟ್ ಹಾಲಿನ ಬಾಗಿಲಲ್ಲಿ ಜವಾನ ನನ್ನನ್ನು ತಡೆದ.

"ಏನಮ್ಮಾ ಇದು, ಹೊಳೆಯಿಂದ ಎದ್ದು ನೆಟ್ಟಗೆ ಇಲ್ಲಿಗೇ ಬಂದಂಗದೆ! ನಿಂದು ಯಾವ ಕೇಸು?"

"ನಂದು ಕೇಸಿಲ್ಲ. ನೋಡೋಕೆ ಬಂದೆ."

"ಕೇಸಿಲ್ದೆ ಕೋರ್ಟಿಗೆ ಯಾರವ್ವಾ ಬತ್ತರೆ?"

ನನಗೆ ನಗು ಬಂತು, ಅಳುವೂ ಬಂತು. ನಮ್ಮೂರು ಹೋಗಲಿ, ಕೋರ್ಟಿನ ಬಾಗಿಲು ಕಾಯುವವನಿಗೂ ಅದೇ ಲೆಕ್ಕ. "ಲಾ ಓದ್ತಿದ್ದೀನಿ. ಪಾಟೀ ಸವಾಲು ನೋಡದಿದ್ರೆ ಡಿಗ್ರಿ ಕೊಡಲ್ಲ," ಎಂದೆ. ಅವನು ನನ್ನ ಸೀರೆ ನೋಡಿದ, ಸುಟ್ಟ ಅಂಗೈ ನೋಡಿದ. "ಬೆಂಚ್ ಮ್ಯಾಲೆ ಕೂರಬ್ಯಾಡ, ಒದ್ದೆಯಾಯ್ತದೆ. ಗೋಡೆ ತಾವ ನಿಂತ್ಕೊ," ಎಂದು ದಾರಿ ಬಿಟ್ಟ.

ಒಳಗೆ ಬದು ಒತ್ತುವರಿಯ ದಾವೆಯೊಂದರಲ್ಲಿ ಪಾಟೀ ಸವಾಲು ನಡೆಯುತ್ತಿತ್ತು. ಗೋಡೆಗೆ ತಾಗಿಕೊಂಡು ನಿಂತು ಬರೆದುಕೊಂಡೆ. ಕಟಕಟೆಯಲ್ಲಿದ್ದವನು ಚಿಕ್ಕಪ್ಪನ ವಯಸ್ಸಿನವನೇ. ವಕೀಲರು ಒಂದೊಂದೇ ಪ್ರಶ್ನೆ ಇಟ್ಟು, ಪಕ್ಕದವನ ಹೊಲದೊಳಗೆ ಬದು ಸರಿಸಿದ್ದು ತಾನೇ ಎಂದು ಅವನ ಬಾಯಿಂದಲೇ ಹೊರಡಿಸುವುದನ್ನು ನೋಡಿದೆ. ಕೂಗಾಟವಿಲ್ಲ, ಕೈಹಿಡಿದು ಎಳೆಯುವುದಿಲ್ಲ. ಕೇಳುವುದು, ಕಾಯುವುದು, ಮತ್ತೆ ಕೇಳುವುದು. ಅವನು ಮಧ್ಯೆ ಒಮ್ಮೆ, "ಬೇಕಾದ್ರೆ ನಂಜುಂಡಪ್ಪನ ಮುಂದೆ ಕರ್ಪೂರ ಆರಿಸ್ತೀನಿ ಸಾ," ಎಂದ. "ಕೇಳಿದ್ದಕ್ಕೆ ಉತ್ತರ ಹೇಳಿ," ಎಂದರು ಜಡ್ಜು. ಆ ಮಾತನ್ನು ನಾನು ಅಡಿಗೆರೆ ಎಳೆದು ಬರೆದುಕೊಂಡೆ. ಊಟದ ವಿರಾಮದ ಹೊತ್ತಿಗೆ ನನ್ನ ಸೀರೆ ಒಣಗಿತ್ತು.

ಮನೆಗೆ ಹೋಗಲಿಲ್ಲ. ಮೈಸೂರಿನ ಬಸ್ಸು ಹತ್ತಿ ಹಾಸ್ಟೆಲಿನಲ್ಲಿದ್ದ ಸಹಪಾಠಿಯ ರೂಮಿಗೆ ಹೋದೆ. ಏನೂ ಕೇಳದೆ ಜಾಗ ಕೊಟ್ಟಳು. ಪರೀಕ್ಷೆ ಮುಗಿಯುವವರೆಗೆ ಅವಳ ಮಂಚದ ಅರ್ಧ ನನ್ನದಾಯಿತು. ಆ ವಾರವೇ ನರಸೀಪುರದ ಕೋರ್ಟಿಗೆ ಹೋಗಿ ಗಾಡಿ ದಾರಿ ಕೇಸು ಏನಾಯಿತೆಂದು ವಿಚಾರಿಸಿದೆ.

"ಸೋಮವಾರಾನಾ?" ಎಂದ ಅಲ್ಲಿಯ ಜವಾನ. "ಮತ್ತೆ ವಾಯಿದಾ ಕಣ್ ತಾಯಿ. ವಕೀಲರು ನಂಟರ ಮನೆ ಬೀಗರೂಟಕ್ಕೆ ಓಗಿದ್ರಂತೆ. ನೀನ್ ಒಬ್ಳೇ ನೋಡು ತಪ್ಪದೆ ಬತ್ತಿದ್ದೋಳು, ಅವತ್ತು ನೀನೂ ಇಲ್ಲ."

ಅಂದರೆ ಬಸ್ಸಿನಿಂದ ಇಳಿದು ಓಡಿದ್ದರೂ ಅಲ್ಲಿ ನನಗೆ ಏನೂ ಸಿಗುತ್ತಿರಲಿಲ್ಲ. ಮುಂದಿನ ದಿನಾಂಕ ವೈವಾದ ನಂತರಕ್ಕೆ ಹೋಗಿತ್ತು.

ವೈವಾದಲ್ಲಿ ಮೇಷ್ಟ್ರು ವರದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಮುಖ್ಯ ವಿಚಾರಣೆ ನರಸೀಪುರದ ಕೇಸು. ಪಾಟೀ ಸವಾಲು ನಂಜನಗೂಡಿನ ಕೇಸು. ಏನಮ್ಮ ಇದು, ಕಲಸುಮೇಲೋಗರ?"

"ಎರಡನ್ನೂ ನೋಡಿರಬೇಕು ಅಂದಿದ್ರಿ ಸಾರ್. ನೋಡಿದ್ದೀನಿ."

"ಒಂದೇ ಕೇಸಿನದ್ದು ಅಂತ ಅರ್ಥ."

"ಹಾಗಂತ ಹೇಳಿರಲಿಲ್ಲ ಸಾರ್. ಸಿನಿಮಾ ನೋಡಿ ಬರೀಬೇಡಿ ಅಂತ ಮಾತ್ರ ಹೇಳಿದ್ರಿ. ನಾನು ನೋಡಿಲ್ಲ ಅನ್ನೋದಾದ್ರೆ ಏನು ಬೇಕಾದ್ರೂ ಕೇಳಿ."

ಪಕ್ಕದಲ್ಲಿದ್ದ ಹೊರಗಿನ ಪರೀಕ್ಷಕರು ಕೇಳತೊಡಗಿದರು. ಸಾಕ್ಷಿ ಎಲ್ಲಿ ನಿಂತಿದ್ದ, ಯಾವ ಪ್ರಶ್ನೆಗೆ ತಡವರಿಸಿದ, ವಕೀಲರು ಯಾವುದನ್ನು ಕೊನೆಗೆ ಇಟ್ಟುಕೊಂಡಿದ್ದರು. ಎಲ್ಲಕ್ಕೂ ಹೇಳಿದೆ. ಪರೀಕ್ಷಕರು ತಲೆಯಾಡಿಸಿದರು. ಮೇಷ್ಟ್ರು ಮಾತ್ರ, "ಬಾಯಿ ಜೋರಿದೆ," ಎಂದು ಪಾಸಿಗೆ ಸಾಕಾಗುವಷ್ಟೇ ಅಂಕ ಹಾಕಿಸಿದರು. ಅವರ ಮೇಲೆ ಈಗಲೂ ನನಗೆ ಗೌರವವಿಲ್ಲ. ಪಾಸು ಪಾಸೇ. ವಕೀಲಿಕೆಯ ಸನದು ಕೊಡುವಾಗ ಬಾರ್ ಕೌನ್ಸಿಲಿನವರು ವೈವಾದ ಅಂಕ ಎಷ್ಟು ಎಂದು ಕೇಳಲಿಲ್ಲ.

ಡಿಗ್ರಿ ಬಂದ ಮೇಲೆ ಊರಿನ ನೆನಪಿನ ಶಕ್ತಿ ಕೆಟ್ಟುಹೋಯಿತು. ಚಿಕ್ಕಪ್ಪ ಟೀ ಅಂಗಡಿಯಲ್ಲಿ ಕೂತು, "ನಮ್ಮನೆ ಮಗ ಲಾಯ್ರು ಕಣ್ರಪ್ಪ, ನಾನೇ ಓದ್ಸಿದ್ದು," ಎನ್ನುತ್ತಿದ್ದಾರೆಂದು ಕೇಳಿದೆ. ಮೈಸೂರಿನಲ್ಲಿ ಹಿರಿಯ ವಕೀಲರ ಬಳಿ ಕೆಲವು ವರ್ಷ ದುಡಿದು, ನರಸೀಪುರದ ಕೋರ್ಟಿನ ಎದುರಿಗೇ ಒಂದು ಕೋಣೆ ಹಿಡಿದು ಬೋರ್ಡು ಹಾಕಿದೆ. ಅವ್ವನನ್ನು ಕರೆದುಕೊಂಡು ಬಂದೆ. ಒಂದು ಮಧ್ಯಾಹ್ನ ಅವಳಿಗೆ ಹೇಳಿದೆ, ಭಾಗದ ದಾವೆ ಹಾಕುತ್ತೇನೆ ಎಂದು. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅದ್ರಲ್ಲಿ ನನ್ದೂ ಐತಾ?"

"ಐತೆ ಅವ್ವ. ಅಪ್ಪನ ಪಾಲಿನಲ್ಲಿ ನಿಂದೂ ಐತೆ."

"ಅಂಗಾರೆ ನನ್ ಎಸ್ರೂ ಬರಿ," ಎಂದಳು.

ದಾವೆ ತಯಾರಾಗಿ ಮೇಜಿನ ಮೇಲಿತ್ತು. ಹಾಸ್ಟೆಲಿನಲ್ಲಿ ಮಂಚ ಕೊಟ್ಟವಳೇ ನಮ್ಮ ಪರವಾಗಿ ವಕಾಲತ್ತು ಹಾಕಲು ಒಪ್ಪಿದ್ದಳು. ಅದನ್ನು ಕೋರ್ಟಿಗೆ ಕೊಡುವ ಹಿಂದಿನ ದಿನ ಚಿಕ್ಕಪ್ಪ ನನ್ನ ಆಫೀಸಿಗೆ ಬಂದರು. ಹೊಸ ಪಂಚೆ, ಕೈಯಲ್ಲಿ ಬಾಳೆಹಣ್ಣು. ಪಕ್ಕದ ಗದ್ದೆಯವನ ಜೊತೆ ಕಾಲುವೆ ನೀರಿನ ಜಗಳವಂತೆ.

"ಮನೇಲೇ ಲಾಯ್ರಮ್ಮ ಇರುವಾಗ ಬ್ಯಾರೆಯವ್ರ ತಾವ ಯಾಕ್ ಓಗಾನ ಅಂತ ಬಂದೆ ಕಣವ್ವ," ಎಂದರು. ಅಮ್ಮಿ ಹೋಗಿ ಅವ್ವ ಬಂದಿತ್ತು.

"ನಿಮ್ಮ ಕೇಸು ನಾನು ನಡೆಸೋಕಾಗಲ್ಲ ಚಿಕ್ಕಪ್ಪ. ನಾನು ನಿಮ್ಮ ಎದುರು ಪಾರ್ಟಿ."

"ಯಾವಾಗಿಂದ?"

"ನಾಳೆಯಿಂದ."

ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಮುಖ ಕೆಂಪಾಗಿತ್ತು. "ನಂಜುಂಡಪ್ಪನ ಮುಂದೆ ಆಣೆ ಮಾಡಿದ್ದೋಳು ನೀನು!"

"ಮಾಡಿದ್ದೆ. ಕೇಸು ಹಾಕಿಲ್ಲ ಅಂತ. ಅವತ್ತಿಗೆ ಹಾಕಿರಲಿಲ್ಲ."

"ಇನ್ನೊಂದು?"

"ಇನ್ನೊಂದು ಉರಿದು ಹೋಯ್ತಲ್ಲ. ನೀವೇ ನಿಂತು ನೋಡಿದ್ರಿ."

ಮೇಜಿನ ಮೇಲಿಟ್ಟಿದ್ದ ಬಾಳೆಹಣ್ಣನ್ನು ತಿರುಗಿ ಎತ್ತಿಕೊಂಡೇ ಹೋದರು.

ದಾವೆ ವರ್ಷಗಟ್ಟಲೆ ನಡೆಯಿತು, ವಾಯಿದಾಗಳ ಮೇಲೆ ವಾಯಿದಾ. ನನಗೆ ಅಭ್ಯಾಸವಿತ್ತು. ಪ್ರತಿ ದಿನಾಂಕಕ್ಕೂ ಚಿಕ್ಕಪ್ಪ ಬೆಳಗ್ಗೆಯೇ ಬಂದು ಕೋರ್ಟಿನ ಮುಂದಿನ ಮರದ ಕೆಳಗೆ ಕೂರುತ್ತಿದ್ದರು. ತಾಲ್ಲೂಕು ಕಚೇರಿಗೆ ಬಂದ ಊರಿನವರು ಅವರನ್ನು ಅಲ್ಲಿ ಕಾಣುತ್ತಿದ್ದರು. ಕಂಡು, ಮಾತಾಡಿಸದೆ, ಊರಿಗೆ ಹೋಗಿ ಹೇಳುತ್ತಿದ್ದರು. ಚಿಕ್ಕಪ್ಪನ ಪಾಟೀ ಸವಾಲಿನ ದಿನ ನಾನು ಬೇಗ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ.